ಪಟ್ಟಿ ಕಟ್ಟಿ ಪಾದ ಆಡಿಸಿದಾಗ ಮಾಯ್ದ ಹುಣ್ಣು

ಕಾಲಿನ ಹುಣ್ಣು ಮಾಯುತ್ತಿಲ್ಲ ಎಂದು ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಬರುವವರಲ್ಲಿ ನಿಂತೇ ದುಡಿಯುವವರು ಜಾಸ್ತಿ. ಅಡುಗೆಯವರು, ಕಂಡಕ್ಟರ್‌ಗಳು, ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು. ರಕ್ತನಾಳದ ಕವಾಟ ಸಡಿಲವಾಗಿ, ಮೇಲೆ ಹೋಗಬೇಕಾದ ರಕ್ತ ಕಾಲಲ್ಲೇ ನಿಲ್ಲುತ್ತದೆ. ಪಾದದ ಗಂಟಿನ ಒಳಬದಿ ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ. ಆಮೇಲೆ ಸಣ್ಣದೊಂದು ತರಚು ಗಾಯ ಸಾಕು.

ಒಬ್ಬ ಅಡುಗೆ ಭಟ್ಟರು ವರ್ಷಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿ ಸೋತಿದ್ದರು. “ಲೇಸರ್ ಹಾಕ್ತಾರಂತಲ್ಲ ಮೇಡಂ, ಅದನ್ನೇ ಹಾಕಿಬಿಡಿ” ಅಂದರು. “ಮೊದಲು ಕಾಲಿಗೆ ರಕ್ತ ಎಷ್ಟು ಬರ್ತಿದೆ ನೋಡೋಣ ಭಟ್ರೇ” ಎಂದು ಡಾಪ್ಲರ್ ಹಿಡಿದೆ, ರಕ್ತದ ಹರಿವನ್ನು ಸದ್ದಿನಲ್ಲಿ ಕೇಳಿಸುವ ಸಣ್ಣ ಯಂತ್ರ ಅದು. ಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ನೋಡುತ್ತೇವೆ. 0.8ಕ್ಕಿಂತ ಕಡಿಮೆ ಬಂದರೆ ನಾನು ಬಿಗಿ ಪಟ್ಟಿ ಕಟ್ಟುವುದಿಲ್ಲ, ರಕ್ತನಾಳದ ಸರ್ಜನ್ ಹತ್ತಿರ ಕಳಿಸುತ್ತೇನೆ. ಸಕ್ಕರೆ ಕಾಯಿಲೆಯವರಲ್ಲಿ ಧಮನಿ ಗಟ್ಟಿಯಾಗಿ ಈ ಲೆಕ್ಕ ತಪ್ಪಬಹುದು, ಹುಷಾರಾಗಿರಬೇಕು. ಭಟ್ಟರದು ಸರಿಯಿತ್ತು.

ಪಾದದ ಗಂಟಿನ ಹತ್ತಿರ ಸುಮಾರು 40 ಮಿ.ಮೀ. ಪಾದರಸದ ಒತ್ತಡ, ಮೊಣಕಾಲಿನ ಕಡೆಗೆ ಕಡಿಮೆಯಾಗುತ್ತಾ ಹೋಗುವಂತೆ ಪಟ್ಟಿ ಸುತ್ತಿದೆ. ಹೆಚ್ಚು ಹಿಗ್ಗದ ಪಟ್ಟಿ ಅದು. ಆದರೆ ಪಟ್ಟಿ ಕಟ್ಟಿ ಸುಮ್ನೆ ಕೂರಿಸಿದರೆ ಅರ್ಧ ಕೆಲಸ ಅಷ್ಟೇ. ಮೀನಖಂಡ ಬಿಗಿಯಾದಾಗ ಪಟ್ಟಿ ಜಗ್ಗುವುದಿಲ್ಲ. ನಡುವೆ ಸಿಕ್ಕಿದ ರಕ್ತ ಮೇಲಕ್ಕೆ ಹೋಗಲೇಬೇಕು. ಪಾದ ಆಡದಿದ್ದರೆ ಈ ಪಂಪ್ ನಡೆಯುವುದಿಲ್ಲ. ಭಟ್ಟರು ನೋವಿಗೆ ಹೆದರಿ ಪಾದ ಆಡಿಸುವುದನ್ನೇ ಬಿಟ್ಟಿದ್ದರು, ಗಂಟು ಜಡ್ಡುಗಟ್ಟಿತ್ತು. ಹಾಗಾಗಿ ಡ್ರೆಸ್ಸಿಂಗ್ ಬದಲಿಸುವ ದಿನಗಳಲ್ಲಿ ನಾನೇ ಕೈಯಿಂದ ಗಂಟು ಸಡಿಲಿಸಿದೆ. ಪಟ್ಟಿ ಕಟ್ಟಿದ ಮೇಲೆ ಪಾದ ಮೇಲೆ ಕೆಳಗೆ ಮಾಡಿಸಿದೆ. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ನಡಿಗೆ. ಪಟ್ಟಿ ಮತ್ತು ವ್ಯಾಯಾಮ, ಈ ಜೋಡಿಯೇ ನನ್ನ ಮಟ್ಟಿಗೆ ಚಿಕಿತ್ಸೆಯ ಜೀವ.

ಯಂತ್ರಗಳನ್ನು ಬಿಡಲಿಲ್ಲ. ಹುಣ್ಣಿನ ಸುತ್ತಲ ಚರ್ಮಕ್ಕೆ 3 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ಬಿಟ್ಟುಬಿಟ್ಟು ಕೊಟ್ಟೆ. ಅದಕ್ಕಿರುವ ಪುರಾವೆ ಪಟ್ಟಿಯಷ್ಟು ಗಟ್ಟಿಯಲ್ಲ, ಇದನ್ನು ಭಟ್ಟರಿಗೂ ಹೇಳಿದ್ದೆ. ಕ್ಯಾನ್ಸರ್ ಅನುಮಾನವಿದ್ದರೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅಲ್ಟ್ರಾಸೌಂಡ್ ಮುಟ್ಟಲೇಬಾರದು. ಹಳೆ ಹುಣ್ಣಿನ ಅಂಚು ಎದ್ದುಕೊಂಡಿದ್ದರೆ ಮೊದಲು ಬಯಾಪ್ಸಿ, ಅಂದರೆ ಅದರ ಚೂರು ತೆಗೆದು ಪರೀಕ್ಷೆ.

ಪಾರದರ್ಶಕ ಹಾಳೆಯಲ್ಲಿ ಹುಣ್ಣಿನ ಅಂಚು ಗೀಚಿಡುತ್ತಿದ್ದೆ. ಗೆರೆ ಒಳಗೆ ಸರಿಯುವುದನ್ನು ನೋಡಿ ಭಟ್ಟರಿಗೆ ವ್ಯಾಯಾಮದಲ್ಲಿ ನಂಬಿಕೆ ಬಂತು. ಹುಣ್ಣು ಮುಚ್ಚಿತು. ಕವಾಟ ಮಾತ್ರ ಸಡಿಲವೇ ಇತ್ತಲ್ವಾ? ವೆರಿಕೋಸ್, ಅಂದರೆ ಉಬ್ಬಿದ ರಕ್ತನಾಳದ, ಚಿಕಿತ್ಸೆಗೆ ಸರ್ಜನ್ ಹತ್ತಿರ ಕಳಿಸಿದೆ. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆಯೇ ಸ್ಟಾಕಿಂಗ್ (ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ) ಹಾಕುವುದನ್ನು ಅವರ ಹೆಂಡತಿಗೂ ಕಲಿಸಿದೆ.