ಬಿಸಿಲೂರಿನ ಮನೆಗೆ ಮೊದಲ ಹವಳ: ಆರಿಸುವುದು ಹೇಗೆ?

ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಮೊದಲ ಜೀವಂತ ಹವಳವನ್ನು ಮೇ ತಿಂಗಳಲ್ಲಿ ತರಬೇಡಿ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗೆಯಾಡುವವರು ಕೂಡ ಡಿಸೆಂಬರ್ ರಾತ್ರಿಗಳಲ್ಲಿ ಕಂಬಳಿ ಹುಡುಕುತ್ತಾರೆ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಆ ದಿನಗಳೇ ನಮ್ಮ ಭಾಗದಲ್ಲಿ ಹವಳ ಸಾಗಿಸಲು, ಹೊಸ ನೀರಿಗೆ ಹೊಂದಿಸಲು ಸರಿಯಾದ ಸಮಯ. ರಾಯಚೂರು, ಕೊಪ್ಪಳದವರಿಗೂ ಇದೇ ಲೆಕ್ಕ.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ತಂಪು ದೇಶದವರು ತಮ್ಮ ಮನೆಗಳಿಗಾಗಿ ಹೇಳಿದ್ದು. ಅಲ್ಲಿ ನೀರನ್ನು ಬೆಚ್ಚಗಿಡುವುದು ಸಮಸ್ಯೆ, ಇಲ್ಲಿ ತಣ್ಣಗಿಡುವುದು. ಹಾಗಾಗಿ ಬಣ್ಣ ನೋಡಿ ಹವಳ ಆರಿಸುವುದು ನಮಗೆ ಕೊನೆಯ ಕೆಲಸ. ಅದಕ್ಕೆ ಮೊದಲು ಕಾನೂನು, ಶಾಖ, ನೀರು, ಕರೆಂಟು ಈ ನಾಲ್ಕನ್ನು ಮುಂದಿಟ್ಟುಕೊಂಡರೆ ಅಂಗಡಿಯ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರುಗಳು ತಾವಾಗಿಯೇ ಅಳಿಸಿಹೋಗುತ್ತವೆ. ಈಗಾಗಲೇ ಉಪ್ಪುನೀರಿನ ತೊಟ್ಟಿ ಇಟ್ಟು ಒಂದೆರಡು ಮೀನು ಸಾಕಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತು.

ಮೊದಲು ಕಾನೂನು

ಹವಳ ಕಲ್ಲಲ್ಲ, ಗಿಡವಲ್ಲ, ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಹುಲಿಯ ಹೆಸರಿರುವ ಅದೇ ಪಟ್ಟಿಯಲ್ಲಿ, ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸಮುದ್ರ ಬೀಸಣಿಗೆಗಳು ಸೇರಿವೆ. ವಿದೇಶಿ ವಿಡಿಯೊಗಳು ‘ಹೊಸಬರಿಗೆ ಸೂಕ್ತ’ ಎಂದು ತೋರಿಸುವ ಡಂಕನ್, ಹ್ಯಾಮರ್, ಟಾರ್ಚ್, ಬ್ರೇನ್ ಹವಳಗಳು ಎಲ್ಲವೂ ಗಟ್ಟಿ ಹವಳದ ವರ್ಗಕ್ಕೇ ಸೇರಿದವು. ಅಂಗಡಿಯವರು ಎಷ್ಟೇ ಸಲೀಸಾಗಿ ಕೊಟ್ಟರೂ ಅವುಗಳತ್ತ ಕೈ ಚಾಚಬೇಡಿ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲೋ ಲಕ್ಷದ್ವೀಪದಲ್ಲೋ ಕಂಡ ಹವಳ ಅಲ್ಲೇ ಇರಲಿ. ದಡಕ್ಕೆ ಬಂದು ಬಿದ್ದ ಸತ್ತ ತುಣುಕನ್ನೂ ಚೀಲಕ್ಕೆ ಹಾಕಿಕೊಳ್ಳಬಾರದು. ತೊಟ್ಟಿಯೊಳಗಿನ ಬಂಡೆಗಳಿಗೂ ಇದೇ ಎಚ್ಚರ: ಹಳೆಯ ಹವಳದ ಅಸ್ಥಿಯನ್ನು ‘ಲೈವ್ ರಾಕ್’ ಎಂದು ಮಾರುವುದುಂಟು. ಸೆರಾಮಿಕ್‌ನಿಂದ ಮಾಡಿದ ಕೃತಕ ಬಂಡೆ ಸಾಕು, ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಅದರಲ್ಲೂ ಚೆನ್ನಾಗಿ ನೆಲೆಸುತ್ತದೆ.

ಉಳಿಯುವುದು ಸುಣ್ಣದ ಅಸ್ಥಿ ಕಟ್ಟದ ಮೃದು ಜಾತಿಗಳು. ಅವುಗಳನ್ನು ಕೊಳ್ಳುವಾಗಲೂ ಜಾತಿಯ ಹೆಸರು ನಮೂದಿಸಿದ ಬಿಲ್ ಕೇಳಿ, ಹೊರದೇಶದ ಮಾಲಾದರೆ ಆಮದಿನ ಕಾಗದ ಕೇಳಿ. ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಣುಕು ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ಕಡಲಿನಿಂದ ಕಿತ್ತದ್ದಲ್ಲ, ಜೊತೆಗೆ ತೊಟ್ಟಿಯ ಬದುಕಿಗೆ ಅದು ಆಗಲೇ ಒಗ್ಗಿರುತ್ತದೆ. ಯಾವುದೇ ಜಾತಿಯ ಬಗ್ಗೆ ಅನುಮಾನ ಬಂದರೆ ಕೊಳ್ಳುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬಿಲ್ ಕೊಡಲು ಹಿಂಜರಿಯುವ ಅಂಗಡಿಯಿಂದ ಸುಮ್ಮನೆ ಹೊರಬಂದರೆ ನಷ್ಟವೇನಿಲ್ಲ.

ಶಾಖದ ಲೆಕ್ಕ

ಹವಳದ ಮೈಯೊಳಗೆ ಒಂದು ಬಗೆಯ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸುತ್ತದೆ, ಅದರ ದೊಡ್ಡ ಪಾಲು ಹವಳಕ್ಕೆ ಸಲ್ಲುತ್ತದೆ. ನೀರು ಹೆಚ್ಚು ಬಿಸಿಯಾದರೆ ಈ ಹೊಂದಾಣಿಕೆ ಮುರಿಯುತ್ತದೆ: ಹವಳ ಪಾಚಿಯನ್ನು ಹೊರಗೆ ತಳ್ಳಿ ಬಿಳಿಚಿಕೊಳ್ಳುತ್ತದೆ, ಹಾಗೆಯೇ ಬಿಟ್ಟರೆ ಹಸಿದು ಸಾಯುತ್ತದೆ. ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. 30 ದಾಟಿತೆಂದರೆ ಅಪಾಯದ ಗಂಟೆ. ಏಪ್ರಿಲ್‌ನಲ್ಲಿ ಹೊರಗೆ 40 ದಾಟುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ತೊಟ್ಟಿಯನ್ನು ಕೆಳಮಹಡಿಯ ಒಳಕೋಣೆಯಲ್ಲಿಡಿ. ತಾರಸಿಯ ಕೆಳಗಿನ ಕೋಣೆ, ಪಶ್ಚಿಮದ ಗೋಡೆ ಎರಡೂ ಬೇಡ. ನೂರೈವತ್ತು ಲೀಟರಿಗಿಂತ ಚಿಕ್ಕ ತೊಟ್ಟಿ ಅಗ್ಗವೆನಿಸಿದರೂ ಕಡಿಮೆ ನೀರು ಬೇಗ ಕಾಯುತ್ತದೆ. ಹಾಗೆಂದು ನಮ್ಮ ಹವೆ ಪೂರ್ತಿ ವೈರಿಯೇನಲ್ಲ. ನೀರಿನ ಮೇಲ್ಮೈಗೆ ಬೀಸುವಂತೆ ಒಂದು ಪುಟ್ಟ ಫ್ಯಾನ್ ಹಚ್ಚಿದರೆ ಆವಿಯಾಗುವ ನೀರು ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಇದರ ಪರಿಣಾಮ ಹೆಚ್ಚು. ಮಂಗಳೂರಿನ ಜಿಗುಟು ಸೆಕೆಯಲ್ಲಿ ಅಷ್ಟಾಗಿ ನಡೆಯದ ಈ ಉಪಾಯ ಬಳ್ಳಾರಿಯ ಒಣಬಿಸಿಲಿನಲ್ಲಿ ನೀರನ್ನು ಕೆಲವು ಡಿಗ್ರಿ ಇಳಿಸುತ್ತದೆ. ಕೋಣೆಯೇ 38 ಡಿಗ್ರಿ ಇದ್ದರೆ ಮಾತ್ರ ಫ್ಯಾನಿನಿಂದ ಪವಾಡ ನಿರೀಕ್ಷಿಸಬೇಡಿ. ಆಗ ಬೇಕಾಗುವುದು ಚಿಲ್ಲರ್ ಎಂಬ ನೀರು ತಣಿಸುವ ಯಂತ್ರ ಅಥವಾ ಏರ್ ಕಂಡೀಷನರ್ ಇರುವ ಕೋಣೆ. ಚಿಲ್ಲರ್ ಬೆಲೆ ತೊಟ್ಟಿಯ ಬೆಲೆಯನ್ನೇ ಮೀರಬಹುದು. ಅದಕ್ಕೆ ಹಣ ಹೊಂದಿಸಲಾಗದಿದ್ದರೆ ಹವಳದ ಯೋಚನೆಯನ್ನು ಮುಂದಕ್ಕೆ ಹಾಕಿ ಮೀನಿನಲ್ಲೇ ತೃಪ್ತರಾಗಿರುವುದು ಪ್ರಾಮಾಣಿಕ ನಿರ್ಧಾರ.

ಫ್ಯಾನ್ ಹಚ್ಚಿದಾಗ ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ತಗ್ಗಿದ ಮಟ್ಟವನ್ನು ಉಪ್ಪುನೀರಿನಿಂದಲ್ಲ, ಶುದ್ಧ ಸಿಹಿನೀರಿನಿಂದಲೇ ತುಂಬಬೇಕು. ಬೇಸಿಗೆಯಲ್ಲಿ ಇದು ದಿನವೂ ಮಾಡಬೇಕಾದ ಕೆಲಸ. ಗಾಜಿನ ಮೇಲೆ ಒಂದು ಗೆರೆ ಎಳೆದುಕೊಂಡರೆ ಎಷ್ಟು ಇಳಿದಿದೆ ಎಂಬುದು ಮನೆಯ ಮಕ್ಕಳಿಗೂ ತಿಳಿಯುತ್ತದೆ.

ನೀರು, ಉಪ್ಪು, ಕರೆಂಟು

ನಮ್ಮ ಕೊಳವೆಬಾವಿಗಳ ನೀರು ಗಡಸು, ಹಲವೆಡೆ ಫ್ಲೋರೈಡ್ ಕೂಡ ಇದೆ. ನಲ್ಲಿಯಲ್ಲಿ ಬರುವ ನದಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ನೇರವಾಗಿ ಬಳಸುವಂತಿಲ್ಲ. ಅಡುಗೆಮನೆಯ ಆರ್‌ಒ ಯಂತ್ರದ ನೀರು ಕುಡಿಯಲು ಸರಿ, ಹವಳಕ್ಕೆ ಅದರಲ್ಲಿ ಉಳಿದ ಲವಣವೂ ಹೆಚ್ಚೇ. ಆರ್‌ಒ ನಂತರ ಉಳಿದ ಲವಣವನ್ನು ಹಿಡಿದಿಡುವ ಡಿಐ ರಾಳದ ಸಿಲಿಂಡರ್ ಒಂದನ್ನು ಜೋಡಿಸಿ, ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವಂತೆ ನೋಡಿಕೊಳ್ಳಿ. ಆ ನೀರಿಗೆ ಅಕ್ವೇರಿಯಂಗೆಂದೇ ತಯಾರಾದ ಕಡಲ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಬೇಕು. ಅಡುಗೆಯ ಅಯೋಡಿನ್ ಉಪ್ಪಿನಿಂದ ಸಮುದ್ರ ಆಗುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವು ಅದರಲ್ಲಿಲ್ಲ. ನೀರಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿ ನಿಲ್ಲಬೇಕು.

ಹೊಸ ತೊಟ್ಟಿಗೆ ಹವಳ ಬೇಡ. ತೊಟ್ಟಿಯ ಕಸದಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೂ ಗಾಜಿನ ಮೇಲೆ ಕಂದು ಪಾಚಿ ಬಂದು ಹೋಗುವ ಒಂದು ಹಂತವಿದೆ. ಅದು ಕಳೆಯಲಿ. ಮೂರು ನಾಲ್ಕು ತಿಂಗಳ ತೊಟ್ಟಿ, ಲೀಟರಿಗೆ 5ರಿಂದ 10 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಮೃದು ಹವಳಕ್ಕೆ ಹದವಾದ ನೀರು. ನೈಟ್ರೇಟನ್ನು ಸೊನ್ನೆ ಮಾಡಲು ಹೆಣಗುವವರಿದ್ದಾರೆ. ಮೃದು ಜಾತಿಗಳಿಗೆ ಅಷ್ಟು ಚೊಕ್ಕ ನೀರು ಹಿಡಿಸುವುದಿಲ್ಲ. ಕ್ಷಾರೀಯತೆ 8ರಿಂದ 9 ಡಿಕೆಎಚ್ (ಕ್ಷಾರೀಯತೆಯ ಅಳತೆಯ ಮಾನ) ಇರಲಿ, ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ಬೇರೆ ದ್ರಾವಣಗಳ ಗೊಡವೆ ಸದ್ಯಕ್ಕಿಲ್ಲ. ಹಿಂದೆ ಮೀನಿನ ಕಾಯಿಲೆಗೆ ತಾಮ್ರದ ಔಷಧ ಹಾಕಿದ್ದ ತೊಟ್ಟಿಯಾದರೆ ಮಾತ್ರ ಹವಳ ಇಡಬೇಡಿ, ತಾಮ್ರವು ಬಂಡೆ, ಮರಳಿನಲ್ಲಿ ಉಳಿದು ನಿಧಾನವಾಗಿ ಕೊಲ್ಲುತ್ತದೆ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಕೀಟನಾಶಕ ಸ್ಪ್ರೇ ಕೂಡ ನಿಷಿದ್ಧ.

ಇನ್ನು ಕರೆಂಟು. ಶಕ್ತಿನಗರ, ಕುಡತಿನಿಗಳ ವಿದ್ಯುತ್ ಸ್ಥಾವರದ ಚಿಮಣಿಗಳು ನಮ್ಮ ಪಕ್ಕದಲ್ಲೇ ಇದ್ದರೂ ಗಾಳಿ ಮಳೆಯ ಸಂಜೆ ದೀಪ ಆರುವುದು ತಪ್ಪಿಲ್ಲ. ಆರಿದಾಗ ಮೊದಲು ನಿಲ್ಲಬಾರದ್ದು ನೀರಿನ ಚಲನೆ. ಬೆಳಕಿಲ್ಲದೆ ಹವಳ ಒಂದೆರಡು ದಿನ ತಾಳುತ್ತದೆ, ಆಮ್ಲಜನಕವಿಲ್ಲದೆ ಮೀನು, ಹವಳ ಎರಡೂ ಕೆಲವೇ ಗಂಟೆಗಳಲ್ಲಿ ಸೋಲುತ್ತವೆ. ಮನೆಯ ಇನ್ವರ್ಟರಿಗೆ ನೀರನ್ನು ಅಲುಗಿಸುವ ವೇವ್‌ಮೇಕರ್ ಮತ್ತು ಫ್ಯಾನ್ ಎರಡನ್ನೇ ಸೇರಿಸಿ, ಬ್ಯಾಟರಿಯ ಏರ್ ಪಂಪ್ ಒಂದನ್ನು ಪಕ್ಕದಲ್ಲಿಟ್ಟಿರಿ.

ಈಗ ಹವಳ

ಮೊದಲ ಸ್ಥಾನ ಅಣಬೆ ಹವಳಕ್ಕೆ, ಅಂದರೆ ಅಂಗಡಿಯವರು ‘ಮಶ್ರೂಮ್’ ಎನ್ನುವ ಡಿಸ್ಕೊಸೋಮಾ, ರೋಡಾಕ್ಟಿಸ್ ಜಾತಿಗಳಿಗೆ. ಮಂದ ಬೆಳಕು, ಮೆಲ್ಲನೆಯ ಪ್ರವಾಹ ಇದಕ್ಕೆ ಸಾಕು. ಎಲ್‌ಇಡಿ ದುಬಾರಿಯಾಗಬೇಕಿಲ್ಲ. ನೀರಿನಲ್ಲಿ ಸಣ್ಣ ಏರುಪೇರಾದರೆ ಮುದುಡಿಕೊಂಡು ನಿಮಗೆ ಸೂಚನೆ ಕೊಡುತ್ತದೆ, ಸರಿಯಾದರೆ ಮತ್ತೆ ಅರಳುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ ಎಂಬುದು ನನ್ನ ಅಭಿಪ್ರಾಯ. ಕೆಂಪು, ನೀಲಿ, ಹಸಿರು ಚುಕ್ಕಿಯವು ಸಿಗುತ್ತವೆ. ಅಪರೂಪದ ಬಣ್ಣದ ಒಂದೇ ತಲೆಗೆ ಸಾವಿರಗಟ್ಟಲೆ ಕೇಳುವುದುಂಟು, ಅದರ ಅಗತ್ಯವಿಲ್ಲ.

ಎರಡನೆಯದು ತೊಗಲು ಹವಳ. ಸಾರ್ಕೊಫೈಟಾನ್ ಎಂಬುದು ಕಾಂಡದ ಮೇಲೆ ಅಗಲ ಟೊಪ್ಪಿಗೆಯಂತೆ ಬೆಳೆಯುತ್ತದೆ, ಸಿನುಲೇರಿಯಾ ಬೆರಳುಗಳಂತೆ ಕವಲೊಡೆಯುತ್ತದೆ. ಗಟ್ಟಿಮುಟ್ಟಾದ ಜೀವಿ. ಆಗಾಗ ಕೆಲವು ದಿನ ಹೂವಿನಂತೆ ಅರಳುವ ಪುಟ್ಟ ದೇಹಗಳಾದ ಪಾಲಿಪ್‌ಗಳನ್ನು ಒಳಗೆಳೆದುಕೊಂಡು, ಮೇಣ ಬಳಿದಂತೆ ಹೊಳೆಯುತ್ತಾ ನಿಂತುಬಿಡುತ್ತದೆ. ಸತ್ತಿತೆಂದು ಎಸೆಯಬೇಡಿ, ಅದು ಮೇಲ್ಪೊರೆ ಕಳಚುವ ರೀತಿ. ಆಗ ಪ್ರವಾಹ ಸ್ವಲ್ಪ ಹೆಚ್ಚಿಸಿದರೆ ಪೊರೆ ಬೇಗ ತೊಳೆದುಹೋಗುತ್ತದೆ. ಒಂದೇ ತೊಂದರೆ, ನೆರೆಹೊರೆಯ ಹವಳಗಳನ್ನು ಹಿಂದೆ ಸರಿಸಲು ಇದು ನೀರಿಗೆ ರಾಸಾಯನಿಕ ಬಿಡುತ್ತದೆ. ಫಿಲ್ಟರಿನಲ್ಲಿ ಸಕ್ರಿಯ ಇಂಗಾಲ ಇಟ್ಟರೆ ಸಾಕಷ್ಟು ಹಿಡಿತಕ್ಕೆ ಬರುತ್ತದೆ.

ಮೂರನೆಯದು ಜೋವಾಂಥಿಡ್, ಅಂಗಡಿಯ ಮಾತಿನಲ್ಲಿ ‘ಜೋವಾ’. ಗುಂಡಿಯಷ್ಟು ಪುಟ್ಟ ಹೂಗಳ ಚಾಪೆ, ಬಣ್ಣಗಳಿಗೆ ಲೆಕ್ಕವಿಲ್ಲ. ಅಣಬೆಗಿಂತ ಸ್ವಲ್ಪ ಹೆಚ್ಚು ಬೆಳಕು ಕೇಳುತ್ತದೆ. ಇದರ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ: ಇದರ ಹಲವು ಬಗೆಗಳಲ್ಲಿ, ಮುಖ್ಯವಾಗಿ ಅದರ ಹತ್ತಿರದ ಬಂಧು ಪಾಲಿಥೋವಾದಲ್ಲಿ, ಪಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರ ವಿಷವಿರುತ್ತದೆ. ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕನ್ನಡಕ ಕಡ್ಡಾಯ. ಕೈಯಲ್ಲಿ ಗಾಯವಿದ್ದರೆ ಆ ದಿನ ತೊಟ್ಟಿಗೆ ಕೈ ಹಾಕಲೇಬೇಡಿ. ಜೋವಾ ಹತ್ತಿದ ಬಂಡೆಯನ್ನು ‘ಸ್ವಚ್ಛ ಮಾಡಲು’ ಕುದಿಸುವುದು, ಬಿಸಿನೀರು ಸುರಿದು ಉಜ್ಜುವುದು ಜೀವಕ್ಕೇ ಅಪಾಯ, ಆವಿಯ ಮೂಲಕ ವಿಷ ಉಸಿರಿಗೆ ಸೇರುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಮೊದಲ ವರ್ಷ ಇದನ್ನು ಬಿಟ್ಟು ಮೊದಲೆರಡರಲ್ಲೇ ಇರುವುದು ಒಳ್ಳೆಯದು.

ಕೈಯಂತೆ ಬಿಚ್ಚಿ ಮುಚ್ಚುವ ಜೀನಿಯಾ ಕಣ್ಣಿಗೆ ಹಬ್ಬ. ಆದರೆ ಹಿಡಿಸಿದ ತೊಟ್ಟಿಯಲ್ಲಿ ಕಳೆಯಂತೆ ಎಲ್ಲ ಬಂಡೆಗೂ ಹಬ್ಬುತ್ತದೆ, ಹಿಡಿಸದಿದ್ದರೆ ಒಂದೇ ವಾರದಲ್ಲಿ ಕರಗುತ್ತದೆ. ತಂದರೆ ಬೇರೆ ಬಂಡೆಗಳಿಗೆ ತಾಗದ ಒಂಟಿ ಕಲ್ಲಿನ ಮೇಲಿಡಿ. ಕೆಂಪು, ಹಳದಿ, ಗುಲಾಬಿ ಬಣ್ಣದಲ್ಲಿ ಮಿಂಚುವ ಡೆಂಡ್ರೊನೆಫ್ತಿಯಾ ಎಂಬ ಕಾರ್ನೇಷನ್ ಹವಳವನ್ನಂತೂ ಮುಟ್ಟಲೇಬೇಡಿ. ಅದರೊಳಗೆ ಪಾಚಿಯಿಲ್ಲ, ಬೆಳಕಿನಿಂದ ಬದುಕುವುದಿಲ್ಲ, ಹಗಲು ರಾತ್ರಿ ತೇಲುವ ಸೂಕ್ಷ್ಮ ಆಹಾರ ಬೇಕು. ಮನೆಯ ತೊಟ್ಟಿಯಲ್ಲಿ ಅದು ಹಸಿದೇ ಸಾಯುತ್ತದೆ. ಕಡಲ ಹೂ ಎನ್ನುವ ಅನಿಮೋನ್ ಕೂಡ ಈಗ ಬೇಡ: ಅದು ನಡೆದಾಡುತ್ತದೆ, ವೇವ್‌ಮೇಕರಿಗೆ ಸಿಕ್ಕು ಛಿದ್ರವಾದರೆ ಇಡೀ ತೊಟ್ಟಿಯ ನೀರನ್ನು ಕೆಡಿಸುತ್ತದೆ.

ಅಂಗಡಿಯಲ್ಲಿ

ನೀಲಿ ದೀಪದಡಿ ಸಾಧಾರಣ ಹವಳವೂ ರತ್ನವಾಗಿ ಕಾಣುತ್ತದೆ. ಬಿಳಿ ದೀಪ ಹಾಕಿಸಿ ನೋಡಿ, ಇಲ್ಲದಿದ್ದರೆ ಮೊಬೈಲ್ ಟಾರ್ಚ್ ಬಿಡಿ. ಸಹಜವಲ್ಲದ ಗಾಢ ಹಳದಿ, ಗುಲಾಬಿ ಬಣ್ಣದ ತೊಗಲು ಹವಳ ಕಂಡರೆ ಬಣ್ಣ ಅದ್ದಿರುವ ಸಾಧ್ಯತೆ ಇದೆ. ಪೂರ್ತಿ ಅರಳಿದೆಯೇ, ನೆರಳು ಬಿದ್ದಾಗ ಅಥವಾ ನೀರು ಅಲುಗಿದಾಗ ಮುದುಡುತ್ತದೆಯೇ, ಬುಡದಲ್ಲಿ ಕಂದು ಲೋಳೆಯಿದೆಯೇ ನೋಡಿ. ಬಂಡೆಯನ್ನು ತಿರುಗಿಸಿ ಅಡಿಯನ್ನೂ ತೋರಿಸಲು ಹೇಳಿ. ಕಂದು ಪಾರದರ್ಶಕ ಕಾಂಡದ ಪುಟ್ಟ ಹೂವಿನಂತಹ ಏಪ್ಟೇಸಿಯಾ ಒಂದೇ ಒಂದು ಇದ್ದರೂ ಆ ತುಣುಕು ಬೇಡ. ಒಳಗೆ ಬಂದರೆ ಅದನ್ನು ಅಳಿಸುವುದು ತುಂಬಾ ಕಷ್ಟ. ನಿನ್ನೆ ಬಂದ ಮಾಲನ್ನು ಇಂದೇ ಕೊಳ್ಳಬೇಡಿ. ಎರಡು ವಾರ ಅಂಗಡಿಯ ತೊಟ್ಟಿಯಲ್ಲಿ ಬದುಕಿದ್ದನ್ನು ಕೇಳಿ ಪಡೆಯಿರಿ.

ಹೆಚ್ಚಿನವರು ತರುವುದು ಬೆಂಗಳೂರಿನಿಂದ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡು ರಾತ್ರಿಯ ಪ್ರಯಾಣವನ್ನೇ ಆರಿಸಿ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬಿಸಿಲೇರುವ ಮೊದಲೇ ಬಳ್ಳಾರಿ, ಕೊಪ್ಪಳ ಮುಟ್ಟಬಹುದು. ಬಸ್ಸಿನ ಸಾಮಾನು ಗೂಡಿಗೆ ಹಾಕಬೇಡಿ, ಪೆಟ್ಟಿಗೆ ನಿಮ್ಮ ಕಾಲ ಬಳಿ ಇರಲಿ.

ಮನೆಗೆ ಬಂದ ಮೇಲೆ

ತೊಟ್ಟಿಯ ದೀಪ ಆರಿಸಿ, ಚೀಲವನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಬಿಡಿ. ಬಳಿಕ ಹವಳವನ್ನು ಚೀಲದ ನೀರಿನ ಸಮೇತ ಒಂದು ಬಕೆಟ್ಟಿಗೆ ಸುರಿದು, ಸಣ್ಣ ನಳಿಕೆಯಿಂದ ತೊಟ್ಟಿಯ ನೀರನ್ನು ಅರ್ಧ ಗಂಟೆ ತೊಟ್ಟಿಕ್ಕಿಸಿ. ಹವಳದ ಡಿಪ್ ದ್ರಾವಣದಲ್ಲಿ ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಅದ್ದಿ, ಮೆಲ್ಲಗೆ ಅಲುಗಾಡಿಸಿದರೆ ಅವಿತ ಹುಳುಗಳು ಉದುರುತ್ತವೆ. ತೊಟ್ಟಿಯ ನೀರಿನಲ್ಲಿ ಒಮ್ಮೆ ತೊಳೆದು ಒಳಗಿಡಿ. ಚೀಲದ ನೀರು, ಅದ್ದಿದ ನೀರು ಎರಡನ್ನೂ ಚೆಲ್ಲಬೇಕು.

ಎಲ್ಲವನ್ನೂ ಮೊದಲು ತಳದಲ್ಲೇ ಇಡಿ. ದೀಪವನ್ನು ಅರ್ಧ ತೀವ್ರತೆಯಲ್ಲಿ ದಿನಕ್ಕೆ ಎಂಟು ಗಂಟೆ ಉರಿಸಿ, ಎರಡು ಮೂರು ವಾರಗಳಲ್ಲಿ ಏರಿಸುತ್ತಾ ಹೋಗಿ. ಜೋವಾ, ತೊಗಲು ಹವಳದ ತುಣುಕುಗಳನ್ನು ಸಯನೊಅಕ್ರಿಲೇಟ್ (ಸೂಪರ್ ಗ್ಲೂ) ಜೆಲ್ ಅಂಟಿನಿಂದ ಬಂಡೆಗೆ ಅಂಟಿಸಬಹುದು. ಅಣಬೆಗೆ ಅಂಟು ಹಿಡಿಯುವುದಿಲ್ಲ. ಕಲ್ಲುಚೂರು ತುಂಬಿದ ಪುಟ್ಟ ಬಟ್ಟಲಿನಲ್ಲಿಟ್ಟು ಮೇಲೆ ಬಲೆ ಕಟ್ಟಿ, ಒಂದೆರಡು ವಾರದಲ್ಲಿ ತಾನೇ ಕಲ್ಲಿಗೆ ಹತ್ತುತ್ತದೆ. ಎರಡು ಜಾತಿಗಳ ನಡುವೆ ಒಂದು ಗೇಣು ಅಂತರ ಬಿಡಿ, ಈಗ ಖಾಲಿ ಕಾಣುವ ಜಾಗ ಬೆಳೆದ ಮೇಲೆ ಸಾಲುವುದಿಲ್ಲ.

ಮೊದಲ ದಿನಗಳಲ್ಲಿ ಅರಳದಿದ್ದರೆ ಜಾಗ ಬದಲಿಸುತ್ತಾ ಇರಬೇಡಿ, ಒಂದು ವಾರ ಕಾಯಿರಿ. ಉದ್ದಕ್ಕೆ ಚಾಚಿಕೊಂಡಿದ್ದರೆ ಬೆಳಕು ಸಾಲದು ಎಂದರ್ಥ, ಬಣ್ಣ ತೆಳುವಾಗಿ ಕುಗ್ಗಿದ್ದರೆ ಬೆಳಕು ಅತಿಯಾಗಿದೆ. ದುರ್ವಾಸನೆಯೊಂದಿಗೆ ಲೋಳೆ ಕರಗುತ್ತಿದ್ದರೆ ಮಾತ್ರ ತಡಮಾಡದೆ ಹೊರತೆಗೆಯಿರಿ. ಎರಡನೇ ತುಣುಕನ್ನು ತರುವ ಮಾತು ಒಂದು ಬೇಸಿಗೆ ಕಳೆದ ಮೇಲೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ತೊಟ್ಟಿಯ ನೀರಿನ ಉಷ್ಣತೆಯನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ಅದು 28ರ ಕೆಳಗೇ ಉಳಿದಿದ್ದರೆ ಮುಂದಿನ ನವೆಂಬರ್‌ಗೆ ಪಟ್ಟಿ ಮಾಡಿಕೊಳ್ಳಿ.