ಮನೆಯ ನಾಯಿಯ ಜೊತೆ ನಡಿಗೆ, ಆಟ ಮತ್ತು ಆರೈಕೆ

ನಾಯಿ ತಂದವರು ಸಾಮಾನ್ಯವಾಗಿ ಮೊದಲು ಕೇಳುವುದು, ಅದಕ್ಕೆ ಏನು ಹಾಕಬೇಕು, ಎಷ್ಟು ಹಾಕಬೇಕು ಎಂದು. ಅದರ ಜೊತೆ ದಿನದಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡುತ್ತೀರಿ ಎಂದು ನಾನು ತಿರುಗಿ ಕೇಳಿದರೆ ಹೆಚ್ಚಿನವರು ಸ್ವಲ್ಪ ತಡವರಿಸುತ್ತಾರೆ. ದೊಡ್ಡ ಕಾಂಪೌಂಡ್ ಇದೆ, ಬೇಕಾದಷ್ಟು ಓಡಾಡಿಕೊಂಡಿರುತ್ತದೆ ಎಂಬ ಉತ್ತರ ಬರುವುದೂ ಉಂಟು. ಆದರೆ ಕಾಂಪೌಂಡಿನಲ್ಲಿ ಒಂಟಿಯಾಗಿ ಬಿಟ್ಟ ನಾಯಿ ತಾನಾಗಿ ವ್ಯಾಯಾಮ ಮಾಡುವುದಿಲ್ಲ. ಅದು ಗೇಟಿನ ಬಳಿ ಮಲಗುತ್ತದೆ, ಹಾದಿಯಲ್ಲಿ ಹೋಗುವವರಿಗೆ ಬೊಗಳುತ್ತದೆ, ಸಂಜೆಯ ಹೊತ್ತಿಗೆ ಬೇಸರ ತಾಳದೆ ತುಳಸಿಕಟ್ಟೆಯ ಪಕ್ಕದ ಮಣ್ಣು ಕೆದರುತ್ತದೆ ಇಲ್ಲವೇ ಚಪ್ಪಲಿ ಕಚ್ಚುತ್ತದೆ. ಹಿಂದೆ ಹಳ್ಳಿಗಳಲ್ಲಿ ಮನೆಯ ಯಜಮಾನ ಹೊಲಕ್ಕೆ ಹೊರಟರೆ ನಾಯಿಯೂ ಹೊರಡುತ್ತಿತ್ತು, ಕುರಿ ಕಾಯುವವನ ಜೊತೆ ಇಡೀ ದಿನ ಬಯಲಿನಲ್ಲಿರುತ್ತಿತ್ತು. ಅದಕ್ಕೆಂದೇ ಬೇರೆ ವ್ಯಾಯಾಮದ ಮಾತೇ ಇರಲಿಲ್ಲ. ಈಗ ಮನೆಯವರೆಲ್ಲ ಬೆಳಿಗ್ಗೆ ಕೆಲಸಕ್ಕೆ, ಶಾಲೆಗೆ ಹೋಗಿಬಿಡುವುದರಿಂದ ಅದರ ಪಾಲಿನ ಓಡಾಟವನ್ನು ನಾವೇ ಹೊತ್ತು ಗೊತ್ತುಮಾಡಿ ಕೊಡಬೇಕಾಗಿದೆ.

ನಡಿಗೆಗೆ ನಿಗದಿಯಾದ ಹೊತ್ತು ಇರುವುದು ಬಹಳ ಮುಖ್ಯ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪ್ರತಿ ಸಲವೂ ಕನಿಷ್ಠ ಅರ್ಧ ಗಂಟೆ ನಡೆಸಿದರೆ ಮಧ್ಯಮ ಗಾತ್ರದ ಆರೋಗ್ಯವಂತ ನಾಯಿಗೆ ಒಂದು ಒಳ್ಳೆಯ ಆರಂಭ. ಆದರೆ ನಡಿಗೆಯೆಂದರೆ ಹಗ್ಗ ಹಿಡಿದು, ಮೊಬೈಲ್ ನೋಡುತ್ತ, ಅದನ್ನು ಬಿರಬಿರನೆ ಎಳೆದುಕೊಂಡು ಹೋಗಿ ಬರುವುದಲ್ಲ. ನಾಯಿ ಲೋಕವನ್ನು ಅರಿಯುವುದು ಮುಖ್ಯವಾಗಿ ಮೂಗಿನಿಂದ. ದೀಪದ ಕಂಬದ ಬುಡದಲ್ಲಿ ಅದು ನಿಂತುಬಿಟ್ಟಾಗ ಅಲ್ಲಿ ಯಾವ ನಾಯಿ ಬಂದು ಹೋಯಿತು, ಯಾವಾಗ ಬಂತು, ಗಂಡೋ ಹೆಣ್ಣೋ ಎಂಬುದನ್ನೆಲ್ಲ ಮೂಸಿ ತಿಳಿದುಕೊಳ್ಳುತ್ತಿರುತ್ತದೆ. ಗಮನಿಸಿ ನೋಡಿದರೆ ಮೂಗಿನ ಹೊಳ್ಳೆಗಳು ಪಟಪಟನೆ ಅಲುಗುವುದು, ಕಿವಿ ಹಿಂದಕ್ಕೆ ಸರಿಯುವುದು, ಬಾಲ ಒಂದು ಮಟ್ಟದಲ್ಲಿ ನಿಂತುಬಿಡುವುದು ಕಾಣಿಸುತ್ತದೆ. ಅದರ ಮನಸ್ಸೆಲ್ಲ ಅಲ್ಲಿರುತ್ತದೆ. ಆ ಹೊತ್ತಿನಲ್ಲಿ ಹಗ್ಗ ಜಗ್ಗಬಾರದು. ನಡಿಗೆಯ ಅರ್ಧ ಭಾಗವನ್ನು ನಮ್ಮ ವೇಗದಲ್ಲಿ ನಡೆಸಿ, ಉಳಿದರ್ಧವನ್ನು ಅದರ ಮೂಗಿಗೆ ಬಿಟ್ಟುಕೊಟ್ಟರೆ ದೇಹಕ್ಕೂ ಮನಸ್ಸಿಗೂ ಕೆಲಸ ಸಿಕ್ಕು, ಮನೆಗೆ ಬಂದ ಮೇಲೆ ನಾಯಿ ನೀರು ಕುಡಿದು ನಿಶ್ಚಿಂತೆಯಿಂದ ಮಲಗುತ್ತದೆ. ಬಲವಾಗಿ ಎಳೆಯುವ ನಾಯಿಗೆ ಕೊರಳಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು, ಗಂಟಲಿನ ಮೇಲೆ ಒತ್ತಡ ಬೀಳುವುದಿಲ್ಲ. ಹೊರಡುವಾಗ ಮಲ ಎತ್ತಲು ಹಳೆಯ ಕಾಗದವನ್ನೋ ಚೀಲವನ್ನೋ ಕಡ್ಡಾಯವಾಗಿ ಜೊತೆಗೆ ಇಟ್ಟುಕೊಳ್ಳಬೇಕು. ನೆರೆಯವರ ಬಾಗಿಲ ಮುಂದಿನ ಗಲೀಜು ನಾಯಿಯ ತಪ್ಪಲ್ಲ, ಸಾಕಿದವರ ತಪ್ಪು.

ಎಷ್ಟು ಓಡಿಸಬೇಕು ಎಂಬುದು ತಳಿಯನ್ನು ನೋಡಿ ನಿರ್ಧಾರವಾಗಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನೇ ನೋಡಿ. ಉದ್ದನೆಯ ಕಾಲು, ಆಳವಾದ ಎದೆ, ಒಳಗೆ ಸೆಳೆದುಕೊಂಡಂತಿರುವ ಹೊಟ್ಟೆ. ದೂರದಲ್ಲಿ ಚಲಿಸುವುದನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟುವುದಕ್ಕಾಗಿಯೇ ಬೆಳೆಸಿದ ಮೈ ಅದು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳವೂ ಇತ್ತು. 2016ರಲ್ಲಿ ಸೇನೆ ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೇರಠ್‌ಗೆ ಒಯ್ದಿತು. ಈ ಹೆಸರು ಕೇಳಿ ಅಪಾರ್ಟ್‌ಮೆಂಟಿನವರೂ ಮುಧೋಳ ಮರಿಗಾಗಿ ವಿಚಾರಿಸುತ್ತಿರುವುದು ಸಂತೋಷದ ಸಂಗತಿಯೇ, ಆದರೆ ಅದಕ್ಕೆ ದಿನಕ್ಕೊಮ್ಮೆಯಾದರೂ ಬೇಲಿಯಿರುವ ಬಯಲಿನಲ್ಲಿ ಮೈಬಿಚ್ಚಿ ಓಡುವ ಅವಕಾಶ ಬೇಕೇ ಬೇಕು, ಬಾಲ್ಕನಿಯಲ್ಲಿ ಕಟ್ಟಿ ಸಾಕುವ ನಾಯಿ ಅದಲ್ಲ. ಬೆಕ್ಕನ್ನೋ ಅಳಿಲನ್ನೋ ಕಂಡರೆ ಎಷ್ಟು ಕೂಗಿದರೂ ಕೇಳಿಸಿಕೊಳ್ಳದೆ ಓಡುವುದರಿಂದ ರಸ್ತೆಯ ಬದಿಯಲ್ಲಿ ಅದರ ಹಗ್ಗ ಬಿಚ್ಚಲೇಬಾರದು. ಕೊಳ್ಳುವ ಮೊದಲು ಮುಧೋಳದ ಸಮೀಪದ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಂಥ ಕಡೆ ಹೋಗಿ ವಿಚಾರಿಸಿ, ತಾಯಿತಂದೆ ನಾಯಿಗಳನ್ನು ಕಣ್ಣಾರೆ ನೋಡಿ ತರುವುದು ಉತ್ತಮ. ಇದಕ್ಕೆ ತದ್ವಿರುದ್ಧವಾಗಿ ಪಗ್, ಶಿಹ್ ತ್ಸೂ ಮುಂತಾದ ಮೊಂಡು ಮೂಗಿನ ನಾಯಿಗಳಿಗೆ ಉಸಿರಾಟವೇ ಕಷ್ಟ. ತಂಪು ಹೊತ್ತಿನಲ್ಲಿ ಹತ್ತು-ಹದಿನೈದು ನಿಮಿಷಗಳ ನಿಧಾನ ನಡಿಗೆಯನ್ನು ಎರಡು ಮೂರು ಸಲ ಮಾಡಿಸುವುದೇ ಲೇಸು. ಬೀದಿಯಿಂದ ತಂದು ಸಾಕಿದ ನಮ್ಮ ನಾಡಿನ ನಾಯಿಗಳು ಇವೆರಡರ ನಡುವೆ ಬರುತ್ತವೆ. ಈ ಹವೆಗೆ ಹೊಂದಿಕೊಂಡ ಮೈ, ಚುರುಕು ಬುದ್ಧಿ, ಕಡಿಮೆ ಖರ್ಚು. ಮೊದಲ ಬಾರಿ ಸಾಕುವವರಿಗೆ ನಾನು ಹೇಳುವುದು ಅದನ್ನೇ.

ಮರಿಗಳ ವಿಷಯದಲ್ಲಿ ಎಚ್ಚರ ಬೇರೆ. ಅದು ಕುಣಿಯುತ್ತದೆ ಎಂದು ಮೈಲುಗಟ್ಟಲೆ ನಡೆಸಬಾರದು. ದೊಡ್ಡ ತಳಿಗಳ ಮೂಳೆ ಪೂರ್ತಿ ಬಲಿಯಲು ಒಂದರಿಂದ ಒಂದೂವರೆ ವರ್ಷ ಬೇಕು, ಅಲ್ಲಿಯವರೆಗೆ ಎತ್ತರದಿಂದ ಹಾರಿಸುವುದು, ಪದೇ ಪದೇ ಮೆಟ್ಟಿಲು ಹತ್ತಿಸುವುದು, ಸೈಕಲ್ ಜೊತೆ ಓಡಿಸುವುದು ಬೇಡ. ಲಸಿಕೆಗಳು ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ನೆಲಕ್ಕೆ ಬಿಡದೆ, ಎತ್ತಿಕೊಂಡು ಹೋಗಿ ಆಟೋ ಸದ್ದು, ಕುಕ್ಕರ್ ಸೀಟಿ, ಹೆಲ್ಮೆಟ್ ಹಾಕಿದ ಮನುಷ್ಯ, ಛತ್ರಿ ಬಿಚ್ಚುವ ಅಜ್ಜಿ ಎಲ್ಲವನ್ನೂ ತೋರಿಸಬೇಕು. ಮೊದಲ ಮೂರ್ನಾಲ್ಕು ತಿಂಗಳಲ್ಲಿ ನೆಮ್ಮದಿಯಿಂದ ಕಂಡದ್ದಕ್ಕೆ ನಾಯಿ ಮುಂದೆ ಸುಮ್ಮನೆ ಹೆದರುವುದಿಲ್ಲ.

ನಮ್ಮ ಮನೆಗಳಲ್ಲಿ ನಾಯಿಯ ಆರೋಗ್ಯ ಕೆಡುವುದು ಹೆಚ್ಚಾಗಿ ಪ್ರೀತಿಯಿಂದಲೇ. ಅಜ್ಜ ಚಹಾದ ಜೊತೆ ಒಂದು ಬಿಸ್ಕತ್ತು, ಮೊಮ್ಮಗ ಚಪಾತಿಯ ತುಂಡು, ಸೊಸೆ ಮಿಕ್ಕ ಅನ್ನ, ಹೀಗೆ ಒಬ್ಬರಿಗೊಬ್ಬರು ತಿಳಿಯದಂತೆ ಹಾಕುತ್ತ ಹೋದರೆ ವರ್ಷ ಕಳೆಯುವುದರೊಳಗೆ ನಾಯಿಯ ಸೊಂಟ ಮಾಯವಾಗಿರುತ್ತದೆ. ಎರಡೂ ಕೈ ಅದರ ಪಕ್ಕೆಗಳ ಮೇಲೆ ಇಟ್ಟು ಮೆಲ್ಲಗೆ ಸವರಿ ನೋಡಿ: ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಪಕ್ಕೆಲುಬಿನ ಹಿಂದೆ ಸೊಂಟ ಒಳಬಂದಿರಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು, ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದು ತೆಳ್ಳಗಿದ್ದ ನಾಯಿಗಳು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವು ಕೂಡ ಅವಕ್ಕೆ ತಡವಾಗಿ ಬಂತು. ತಟ್ಟೆ ಖಾಲಿಯಾಯಿತೆಂದು ಮುಖ ನೋಡುತ್ತ ಕೂತ ನಾಯಿಗೆ ಇನ್ನೊಂದು ಹಿಡಿ ಅನ್ನದ ಬದಲು ಹತ್ತು ನಿಮಿಷದ ಆಟ ಕೊಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಆಟಕ್ಕೆ ಬಹುಮಾನವಾಗಿ ಕೊಡುವ ತಿನಿಸನ್ನೂ ದಿನದ ಊಟದ ಪಾಲಿನಿಂದಲೇ ತೆಗೆದಿಡಬೇಕು. ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಬೀನ್ಸ್ ತುಂಡುಗಳು ಒಳ್ಳೆಯ ಬಹುಮಾನ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ವಿಷಕಾರಿ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸಿಗಿದು ಕರುಳಿಗೆ ಚುಚ್ಚುತ್ತದೆ. ಕೂಟು, ಪಲ್ಯ, ಸಾರು ಕಲಸಿದ ಅನ್ನದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದ್ದೇ ಇರುವುದರಿಂದ ನಾಯಿಯ ಅನ್ನವನ್ನು ಒಗ್ಗರಣೆಗೆ ಮೊದಲೇ ಬೇರೆ ಎತ್ತಿಡುವ ಅಭ್ಯಾಸ ಇರಲಿ.

ಊಟಕ್ಕೂ ಓಟಕ್ಕೂ ನಡುವೆ ಅಂತರವಿರಬೇಕು. ಹೊಟ್ಟೆ ತುಂಬಿದ ಮೇಲೆ ಒಂದೆರಡು ಗಂಟೆ ಜೋರಾಗಿ ಓಡಿಸಬಾರದು, ಓಡಿ ಬಂದು ತೇಕುತ್ತಿರುವಾಗ ತಕ್ಷಣ ಊಟ ಹಾಕಬಾರದು. ಮುಧೋಳ, ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ವಾಂತಿ ಬಂದಂತೆ ಓಕರಿಸುತ್ತದೆ ಆದರೆ ಏನೂ ಹೊರಬರುವುದಿಲ್ಲ, ಹೊಟ್ಟೆ ಬಿಗಿದಿದೆ, ಜೊಲ್ಲು ಸುರಿಯುತ್ತಿದೆ, ನಿಂತಲ್ಲಿ ನಿಲ್ಲುತ್ತಿಲ್ಲ ಎಂದಾದರೆ ಜೀರಿಗೆ ನೀರು, ಮಜ್ಜಿಗೆ ಎನ್ನುತ್ತ ಕೂರದೆ ಅದೇ ಗಳಿಗೆಯಲ್ಲಿ ಪಶುವೈದ್ಯರ ಬಳಿ ಒಯ್ಯಬೇಕು; ಬೆಳಗಾಗಲಿ ಎಂದು ಕಾದರೆ ನಾಯಿ ಉಳಿಯುವುದಿಲ್ಲ.

ಬಿಸಿಲಿನ ವಿಷಯಕ್ಕೆ ಬಂದರೆ, ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರು ಬಿಟ್ಟರೆ ಉಳಿದ ತಾಪವನ್ನೆಲ್ಲ ನಾಲಿಗೆ ಚಾಚಿ ತೇಕುತ್ತಲೇ ಕಳೆದುಕೊಳ್ಳಬೇಕು. ಅದರ ಸಹಜ ಮೈಶಾಖವೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ನಡಿಗೆ ಮುಗಿಯಬೇಕು, ಸಂಜೆ ನೆಲ ತಣ್ಣಗಾದ ಮೇಲೆ ಮತ್ತೆ ಹೊರಡಬೇಕು. ಹೊರಡುವ ಮುನ್ನ ಅಂಗೈಯ ಹಿಂಭಾಗವನ್ನು ರಸ್ತೆಯ ಡಾಂಬರಿನ ಮೇಲೆ ಐದಾರು ಸೆಕೆಂಡು ಇಟ್ಟು ನೋಡಿ, ನಿಮಗೆ ತಾಳಲಾಗದಿದ್ದರೆ ಅದರ ಅಂಗಾಲಿಗೂ ತಾಳಲಾಗುವುದಿಲ್ಲ. ನಡೆಯುವಾಗ ತೇಕು ಜೋರಾಗಿ, ನಾಲಿಗೆ ಕಡುಗೆಂಪಾಗಿ, ಹೆಜ್ಜೆ ತೂರಾಡಿದರೆ ತಕ್ಷಣ ನೆರಳಿಗೆ ಕರೆದೊಯ್ದು, ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ವೈದ್ಯರಲ್ಲಿಗೆ ಹೊರಡಬೇಕು.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ದಿನಗಟ್ಟಲೆ ಹೊರಗೆ ಕಾಲಿಡಲಾಗುವುದಿಲ್ಲ. ಆಗ ಮನೆಯೊಳಗಿನ ಆಟಗಳೇ ಆಸರೆ. ನನಗೆ ಬಹಳ ಮೆಚ್ಚಿಗೆಯಾದ ಆಟಕ್ಕೆ ಒಂದು ಹಳೆಯ ಪಂಚೆಯೋ ಟವೆಲ್ಲೋ ಸಾಕು. ಅದನ್ನು ನೆಲದ ಮೇಲೆ ಹಾಸಿ, ನಾಯಿಯ ಊಟದ ಪಾಲಿನಿಂದಲೇ ಒಂದು ಹಿಡಿ ಕಾಳುಗಳನ್ನೋ ಬೇಯಿಸಿದ ಕೋಳಿಯ ಸಣ್ಣ ಚೂರುಗಳನ್ನೋ ಉದ್ದಕ್ಕೂ ಚೆಲ್ಲಿ, ಚಾಪೆಯಂತೆ ಸುತ್ತಿಡಬೇಕು. ಮೊದಲ ದಿನ ಸಡಿಲವಾಗಿ ಸುತ್ತಿ, ಅದು ಮೂಗಿನಿಂದ ತಳ್ಳಿ ಬಿಚ್ಚುವುದನ್ನು ಕಲಿತ ಮೇಲೆ ಬಿಗಿ ಮಾಡುತ್ತ ಬರಬೇಕು. ಇನ್ನೊಂದು, ಹುಡುಕಾಟ: ಮನೆಯವರೊಬ್ಬರು ನಾಯಿಯನ್ನು ಹಿಡಿದುಕೊಳ್ಳುವುದು, ಇನ್ನೊಬ್ಬರು ಬೀರುವಿನ ಹಿಂದೆಯೋ ದೇವರ ಕೋಣೆಯ ಬಾಗಿಲ ಮರೆಯಲ್ಲೋ ಅಡಗಿ ಅದರ ಹೆಸರು ಕರೆಯುವುದು, ಹುಡುಕಿದಾಗ ಮೈದಡವಿ ಹೊಗಳುವುದು. ಮಕ್ಕಳಿಗೂ ಇದರಷ್ಟು ಇಷ್ಟವಾಗುವ ಆಟ ಇನ್ನೊಂದಿಲ್ಲ, ಕರೆದಾಗ ಬರುವ ಅಭ್ಯಾಸವೂ ನಾಯಿಗೆ ತಾನಾಗಿ ಆಗಿಬಿಡುತ್ತದೆ. ಕುಳಿತುಕೋ, ತಡೆ, ಬಾ, ಬಿಡು, ಈ ನಾಲ್ಕು ಮಾತುಗಳನ್ನು ಐದೈದು ನಿಮಿಷದಂತೆ ದಿನಕ್ಕೆರಡು ಸಲ ಹೇಳಿಕೊಟ್ಟರೆ ಸಾಕು. ಮನೆಯವರೆಲ್ಲ ಒಂದೇ ಮಾತು ಬಳಸಬೇಕು ಅಷ್ಟೇ. ಮಗ ಸಿಟ್ ಎನ್ನುವುದು, ಅಜ್ಜಿ ಕೂತ್ಕೋ ಎನ್ನುವುದು, ಅಪ್ಪ ಗದರುವುದು ಎಲ್ಲ ಬೆರೆತರೆ ನಾಯಿ ಯಾವುದನ್ನು ಕೇಳಬೇಕು? ನುಣುಪಾದ ಟೈಲ್ಸ್ ನೆಲದ ಮೇಲೆ ಚೆಂಡಿನಾಟ ಮಾತ್ರ ಬೇಡ, ಜಾರಿ ಕಾಲು ಉಳುಕುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಹೊರಗೆ ಹೋದರೆ ನಿಂತ ನೀರನ್ನು ಕುಡಿಯಲು, ಅದರಲ್ಲಿ ಹೊರಳಾಡಲು ಬಿಡಬಾರದು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರ ನಾಯಿಗೂ ತಗಲುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು. ಅದಕ್ಕೆ ಲಸಿಕೆ ಇದೆ, ವರ್ಷವರ್ಷವೂ ಹಾಕಿಸಬೇಕು.

ಕೆಲಸವನ್ನು ಮನೆಯವರೆಲ್ಲ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಬೆಳಗಿನ ವೇಗದ ನಡಿಗೆ ಕಾಲುಗಟ್ಟಿ ಇರುವವರದು, ಸಂಜೆಯ ನಿಧಾನ ನಡಿಗೆ ಹಿರಿಯರದು, ಒಳಗಿನ ಆಟ ಮಕ್ಕಳದು. ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದು ನಡೆಯಿರಿ ಎಂದು ವೈದ್ಯರು ಹೇಳಿದರೂ ಮನೆ ಬಿಡದ ಹಿರಿಯರನ್ನು ಹೊರಗೆ ಕರೆದೊಯ್ಯುವ ಶಕ್ತಿ ನಾಯಿಗಿದೆ. ಹೊತ್ತಾಗುತ್ತಲೇ ಹಗ್ಗದ ಬಳಿ ಹೋಗಿ ನಿಲ್ಲುವ ಅದಕ್ಕೆ ಇಲ್ಲ ಎನ್ನುವುದು ಸುಲಭವಲ್ಲ. ಆದರೆ ಬಲಿಷ್ಠ ನಾಯಿಯ ಹಗ್ಗವನ್ನು ಮಂಡಿನೋವಿನವರ ಕೈಗಾಗಲಿ, ಹತ್ತು ವರ್ಷದೊಳಗಿನ ಮಗುವಿನ ಕೈಗಾಗಲಿ ಒಂಟಿಯಾಗಿ ಕೊಡಬಾರದು. ಊಟ ಮಾಡುವ, ಮಲಗಿರುವ ನಾಯಿಯನ್ನು ಕೆಣಕಬಾರದು ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು.

ನಡಿಗೆಯಿಂದ ಬಂದ ಮೇಲಿನ ಕಾಲು ಗಂಟೆಯನ್ನು ಆರೈಕೆಗೆ ಇಡಿ. ಒದ್ದೆ ಬಟ್ಟೆಯಿಂದ ಕಾಲು ಒರೆಸಿ, ಬೆರಳುಗಳ ಸಂದಿಯಲ್ಲಿ ಮುಳ್ಳು, ಹುಲ್ಲಿನ ಬೀಜ ಸಿಕ್ಕಿದೆಯೇ ನೋಡಿ, ಕಿವಿಯ ಒಳಮಗ್ಗುಲು, ಕತ್ತಿನ ಕೆಳಗೆ, ತೊಡೆಯ ಸಂದಿಯಲ್ಲಿ ಉಣ್ಣಿಗಾಗಿ ಬೆರಳಾಡಿಸಿ. ಕಂಡ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆದು ತೆಗೆಯಬೇಕು. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡವೇ ಬೇಡ. ಉಣ್ಣಿಯಿಂದ ಬರುವ ಜ್ವರಗಳಲ್ಲಿ ನಾಯಿ ಮಂಕಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಇವುಗಳಲ್ಲಿ ಒಂದು ಕಂಡರೂ ರಕ್ತಪರೀಕ್ಷೆ ಮಾಡಿಸಬೇಕು. ರೇಬೀಸ್ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಶುರುಮಾಡಿ ವೈದ್ಯರು ಬರೆದುಕೊಟ್ಟ ದಿನಕ್ಕೆ ತಪ್ಪದೆ ಮುಂದುವರಿಸಬೇಕು, ಜಂತುಹುಳುವಿನ ಔಷಧವನ್ನು ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಡಿಸಬೇಕು. ದಿನವೂ ಕೈಯಾಡಿಸುವ ಮನೆಯಲ್ಲಿ ಸಣ್ಣ ಗಂಟು, ಹುಣ್ಣು, ಕಿವಿಯ ವಾಸನೆ ಬೇಗ ತಿಳಿಯುತ್ತದೆ, ವೈದ್ಯರ ಮೇಜಿನ ಮೇಲೆ ನಾಯಿ ಹೆದರಿ ಒದ್ದಾಡುವುದೂ ಕಡಿಮೆಯಾಗುತ್ತದೆ.

ನಾಯಿಗೆ ವಯಸ್ಸಾಯಿತೆಂದು ಓಡಾಟ ನಿಲ್ಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೀಲು ಬಿಗಿದ ನಾಯಿಗೆ ಪೂರ್ತಿ ವಿಶ್ರಾಂತಿ ಕೊಟ್ಟರೆ ತೊಡೆಯ ಮಾಂಸ ಕರಗಿ ಏಳುವುದೇ ಕಷ್ಟವಾಗುತ್ತದೆ. ಉದ್ದದ ಒಂದು ನಡಿಗೆಯನ್ನು ಮೂರು ಚಿಕ್ಕ ನಡಿಗೆಗಳಾಗಿ ಒಡೆದು, ಡಾಂಬರಿನ ಬದಲು ಹುಲ್ಲಿನ ಅಥವಾ ಮಣ್ಣಿನ ದಾರಿ ಹಿಡಿದು, ಅದು ನಿಂತಾಗ ನಿಂತು, ಮರಳಿದ ಮೇಲೆ ದಪ್ಪ ಗೋಣಿತಾಟಿನ ಮೇಲೆ ಹಳೆಯ ಕೌದಿ ಹಾಸಿ ಮಲಗಿಸಬೇಕು. ನೋವಿಗೆಂದು ನಮ್ಮ ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡುವುದು ಪ್ರಾಣಕ್ಕೇ ಕುತ್ತು. ನಾಯಿಗೆಂದೇ ಇರುವ ಔಷಧವನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಕಣ್ಣು ಮಂಜಾದ ನಾಯಿಯಿರುವ ಮನೆಯಲ್ಲಿ ಕುರ್ಚಿ, ಮಂಚ, ನೀರಿನ ಬಟ್ಟಲುಗಳನ್ನು ಜಾಗ ಬದಲಿಸದೆ ಇಟ್ಟು, ದಿನವೂ ಅದೇ ದಾರಿಯಲ್ಲಿ ನಡೆಸಿದರೆ ಮೂಗಿನ ಆಸರೆಯಿಂದಲೇ ಅದು ಧೈರ್ಯವಾಗಿ ಓಡಾಡುತ್ತದೆ. ಟವೆಲ್ಲಿನಲ್ಲಿ ಸುತ್ತಿಟ್ಟ ತಿನಿಸು ಹುಡುಕುವ ಆಟವನ್ನು ಅಂಥ ನಾಯಿಗೂ ಆಡಿಸಬಹುದು, ಸುತ್ತು ಮಾತ್ರ ಸ್ವಲ್ಪ ಸಡಿಲವಾಗಿರಲಿ.