ಓಸಿಮ್ ಅವರ ಬಣ್ಣದ ಬಿಬ್‌ಗಳು ನಮ್ಮ ಗರಸು ಮೈದಾನದಲ್ಲಿ ಕೈಹಿಡಿದದ್ದು ಹೇಗೆ

ಬಗೆಬಗೆಯ ಬಣ್ಣದ ಬಿಬ್, ಅಂದರೆ ಜರ್ಸಿಯ ಮೇಲೆ ತೊಡುವ ತೋಳಿಲ್ಲದ ಅಂಗಿ, ಹಾಕಿಸಿ ಫುಟ್‌ಬಾಲ್ ಆಡಿಸುವುದು ಜಪಾನ್ ರಾಷ್ಟ್ರೀಯ ತಂಡಕ್ಕೆ ಸರಿ, 13-14 ವರ್ಷದ ಹುಡುಗರಿಗೆ ಅದು ತಲೆಗೆ ಹತ್ತುವುದಿಲ್ಲ ಅನ್ನುವ ಮಾತು ಎರಡು ವರ್ಷದಿಂದ ಕಿವಿಗೆ ಬೀಳುತ್ತಲೇ ಇತ್ತು. ಈಗ ಹತ್ತಿದೆ. ರೊಂಡೊ, ಒನ್ ಟಚ್, ಓವರ್‌ಲೋಡ್‌ನಂಥ ಅಭ್ಯಾಸದ ಮಾತೆಲ್ಲ ಗೊತ್ತಿರುವ ಕೋಚ್‌ಗಳು ಓದುತ್ತಾರೆ ಅಂದುಕೊಂಡೇ ಬರೆಯುತ್ತಿದ್ದೇನೆ, ಆ ಪಾಠ ಇಲ್ಲಿಲ್ಲ.

ಬಹಳ ಜನ ಎಡವುವುದು ಮೊದಲ ಹೆಜ್ಜೆಯಲ್ಲೇ. ಜಪಾನ್ ತಂಡಕ್ಕೆ ಹೀಗೆ ಆಡಿಸಿದ ಕೋಚ್ ಇವಿಟ್ಸಾ ಓಸಿಮ್ ಅಂದರೆ ಏಳು ಬಣ್ಣದ ಬಿಬ್ ಅಂದುಕೊಂಡು ನೇರ ಅಂಗಡಿಗೆ ಹೋಗುತ್ತಾರೆ. ಅವರು ಕೋಚಿಂಗ್ ಮಾಡಿದ ಕ್ಲಬ್‌ಗಳನ್ನು ಸಾಲಾಗಿ ನೋಡಿದರೆ ಬಿಬ್ ಯಾಕೆ ಬಂತು ಅನ್ನುವುದು ತಿಳಿಯುತ್ತದೆ. 1941ರಲ್ಲಿ ಬೋಸ್ನಿಯಾದ ಸರಾಯೆವೊದಲ್ಲಿ ಹುಟ್ಟಿದವರು. ಗ್ರ್ಬಾವಿತ್ಸಾ ಬಡಾವಣೆಯ ಜೆಲ್ಯೆಜ್ನಿಚಾರ್, ಅಂದರೆ ರೈಲ್ವೆಯವರು ಕಟ್ಟಿದ ಕ್ಲಬ್ಬು, ಅದರಲ್ಲಿ ಆಡಿ, ಆಮೇಲೆ ಫ್ರಾನ್ಸಿನಲ್ಲಿ ಸ್ಟ್ರಾಸ್‌ಬೂರ್, ಸೆದಾನ್, ವಾಲೆನ್ಸಿಯೆನ್ ತಂಡಗಳಲ್ಲಿ ಆಡಿ, 1978ರಲ್ಲಿ ಅದೇ ಜೆಲ್ಯೆಜ್ನಿಚಾರ್‌ಗೆ ಕೋಚ್ ಆದರು. ಅಂದಿನ ಯುಗೊಸ್ಲಾವಿಯಾದ ಬೆಲ್‌ಗ್ರೇಡ್, ಝಾಗ್ರೆಬ್‌ನ ದೊಡ್ಡ ಕ್ಲಬ್‌ಗಳ ಹಣ ಅಲ್ಲಿರಲಿಲ್ಲ. ಆದರೂ 1984-85ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್ಎ ಕಪ್ ಸೆಮಿಫೈನಲ್ ಮುಟ್ಟಿಸಿದರು. ಹಂಗೆರಿಯ ವಿಡಿಯೋಟನ್ ಎದುರು ಎರಡು ಪಂದ್ಯದ ಸೆಮಿಫೈನಲ್‌ನ ಎರಡನೇ ಪಂದ್ಯದ ಕೊನೆಯ ನಿಮಿಷಗಳಲ್ಲಿ ಬಿದ್ದ ಒಂದು ಗೋಲಿನಿಂದ ಫೈನಲ್ ಕೈತಪ್ಪಿತು. ಮುಂದೆ ಆಸ್ಟ್ರಿಯಾದ ಸ್ಟುರ್ಮ್ ಗ್ರಾತ್ಸ್, ಆಮೇಲೆ ಜಪಾನಿನ ಜೆಫ್ ಯುನೈಟೆಡ್. ಅವೂ ದುಬಾರಿ ಆಟಗಾರರನ್ನು ಕೊಳ್ಳುವ ಶಕ್ತಿಯಿದ್ದ ಕ್ಲಬ್‌ಗಳಲ್ಲ. ಕೊಳ್ಳಲಾಗದ ಕಡೆ ಇದ್ದವರ ತಲೆ ಓಡಿಸಬೇಕು, ಕಾಲು ಓಡಿಸಬೇಕು. ಬಿಬ್ ಬಂದದ್ದು ಆ ಅಗತ್ಯಕ್ಕೆ.

ಈ ಅಭ್ಯಾಸದ ತಿರುಳು ಒಂದೇ: ಬಾಲ್ ಕಾಲಿಗೆ ಬರುವ ಮೊದಲೇ ಹುಡುಗ ತಲೆ ತಿರುಗಿಸಿ ನೋಡಿರಬೇಕು. ಎರಡೇ ಬಣ್ಣ ಇದ್ದರೆ ನೋಡದೆಯೂ ಸಾಗುತ್ತದೆ, ಹಾಕಿದ ಪಾಸ್ ಅರ್ಧ ಸಲ ಸರಿಯೇ ಆಗುತ್ತದೆ. ಮೂರನೇ ಬಣ್ಣ ಬಂದು, ಅದರ ಮೇಲೊಂದು ನಿಯಮ ಬಿದ್ದ ಕೂಡಲೇ ನೋಡದವನು ಸಿಕ್ಕಿಬೀಳುತ್ತಾನೆ.

ನಾವು ಮಾಡಿದ ಮೊದಲ ತಪ್ಪು ಆರು ಬಣ್ಣ ಒಟ್ಟಿಗೆ ಇಳಿಸಿದ್ದು. 18 ಹುಡುಗರು, ಬಣ್ಣಕ್ಕೆ ಮೂವರು, 25 ಮೀಟರ್ ಉದ್ದ 20 ಮೀಟರ್ ಅಗಲದ ಚೌಕ. ನಾಲ್ಕು ಪಾಸ್ ಕೂಡ ಸಾಗಲಿಲ್ಲ. ಬಾಲ್ ಸಿಕ್ಕವನು ನಿಂತು ಕೋಚ್ ಮುಖ ನೋಡುತ್ತಿದ್ದ. ಅಲ್ಲಿ ಎರಡನೇ ತಪ್ಪು ಆಯಿತು: ಹೊರಗಿನಿಂದ ‘ನೀಲಿಗೆ ಕೊಡು, ನೀಲಿಗೆ’ ಅಂತ ಕೂಗಿದ್ದು. ಕೂಗಿದಷ್ಟೂ ಅವರ ಕಣ್ಣು ಮೈದಾನ ಬಿಟ್ಟು ನಮ್ಮ ಕಡೆಗೇ ಬಂತು. ಆರೇಳು ವಾರ ಹೀಗೇ ಹಾಳಾಯಿತು. ಅದೇ ಹೊತ್ತಿಗೆ ಒಂದು ಪಂದ್ಯ 6-0 ಸೋತದ್ದರಿಂದ ಪೋಷಕರೂ ಎದ್ದು ನಿಂತರು.

ಅವರಿಗೆ ತೋರಿಸಿದ್ದು 2000-01ರ ಚಾಂಪಿಯನ್ಸ್ ಲೀಗ್‌ನ ಒಂದು ಗುಂಪಿನ ಪಟ್ಟಿ. ಓಸಿಮ್ ಅವರ ಸ್ಟುರ್ಮ್ ಗ್ರಾತ್ಸ್ ಮೊದಲ ಪಂದ್ಯದಲ್ಲೇ ರೇಂಜರ್ಸ್ ಎದುರು 5-0 ಸೋತಿತು, ಮೊನಾಕೊಗೆ ಹೋಗಿ ಮತ್ತೆ 5-0. ಆದರೆ ಗ್ರಾತ್ಸ್‌ನಲ್ಲಿ ಆಡಿದ ಮೂರೂ ಪಂದ್ಯ ಗೆದ್ದು, ಗಲಾಟಸರಾಯ್ ಮನೆಯಲ್ಲಿ 2-2 ಮಾಡಿಕೊಂಡು 10 ಅಂಕ ಗಳಿಸಿತು. ಹೊಡೆದದ್ದು 9 ಗೋಲು, ತಿಂದದ್ದು 12, ಗುಂಪಿನಲ್ಲಿ ಮೊದಲ ಸ್ಥಾನ. ಈ ಕಾಗದ ಇಟ್ಟ ಮೇಲೆ ಇನ್ನೊಂದು ಸೀಸನ್ ಸಿಕ್ಕಿತು.

ಸರಿಹೋದ ಕ್ರಮ ಇದು. ಮೂರು ಬಣ್ಣ, ಬಣ್ಣಕ್ಕೆ ಆರು ಹುಡುಗರು, ಚೌಕ 35ಕ್ಕೆ 30 ಮೀಟರ್. ಎರಡು ಬಣ್ಣ ಸೇರಿ ಬಾಲ್ ಉಳಿಸಿಕೊಳ್ಳಬೇಕು, ಮೂರನೆಯದು ಕಸಿಯಬೇಕು. ಯಾರು ಕಳೆದರೋ ಅವರ ಬಣ್ಣ ಕಸಿಯುವ ಕಡೆಗೆ. ಇದಿಷ್ಟೇ ಎರಡು ವಾರ. ಆಮೇಲೆ ಮೊದಲ ನಿಯಮ: ತನ್ನ ಬಣ್ಣದವನಿಗೇ ಪಾಸ್ ಕೊಡುವಂತಿಲ್ಲ. ಅದು ಕುದುರಿದ ಮೇಲೆ, ಸುಮಾರು ನಾಲ್ಕನೇ ವಾರ, ಎರಡನೇ ನಿಯಮ: ಕೊಟ್ಟವನಿಗೇ ತಿರುಗಿ ಕೊಡುವಂತಿಲ್ಲ. ಈ ಎರಡನೆಯದೇ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಮೂರನೆಯವನು ಓಡಿ ಬಂದು ಜಾಗ ಮಾಡಿಕೊಡದೆ ಪಾಸೇ ಇರುವುದಿಲ್ಲ. ನಾಲ್ಕನೇ ಬಣ್ಣ ಎಂಟನೇ ವಾರದಲ್ಲಿ, ಐದನೆಯದು ಮಳೆಗಾಲ ಮುಗಿದ ಮೇಲೆ. ಆರಕ್ಕೆ ಮತ್ತೆ ಹೋಗಿಲ್ಲ.

ಒಂದು ಸುತ್ತು 4 ನಿಮಿಷ, ನಡುವೆ ಒಂದೂವರೆ ನಿಮಿಷ ವಿರಾಮ, ಐದು ಸುತ್ತು. ಐದಕ್ಕಿಂತ ಹೆಚ್ಚು ಮಾಡಿದರೆ ತಲೆ ದಣಿಯುತ್ತದೆ. ಕಾಲು ಓಡುತ್ತಲೇ ಇರುವುದರಿಂದ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ, ಆದರೆ ಆರನೇ ಸುತ್ತಿನಲ್ಲಿ ಯಾರ ತಲೆಯೂ ತಿರುಗುವುದಿಲ್ಲ. ನಿಯಮ ಬದಲಾಯಿಸುವುದಿದ್ದರೆ ಆಟ ನಿಲ್ಲಿಸದೆ ಒಂದೇ ಸಲ ಹೇಳಿ ಸುಮ್ಮನಿರಬೇಕು. ಓಸಿಮ್ ಅವರೂ ಆಟದ ಮಧ್ಯೆಯೇ ನಿಯಮ ಬದಲಿಸುತ್ತಿದ್ದರು, ಬಿಡಿಸಿಕೊಳ್ಳುವ ಕೆಲಸ ಆಟಗಾರರದು. ಯಾವ ಬಣ್ಣವನ್ನು ಯಾವ ಹೊತ್ತಿಗೆ ಜೋಡಿ ಬದಲಿಸಿದರೆ ಸುತ್ತು ಕಾವೇರುತ್ತದೆ ಅನ್ನುವುದಕ್ಕೆ ನಮ್ಮದೊಂದು ಲೆಕ್ಕ ಇದೆ. ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಎಣಿಸಲು ಒಬ್ಬ ಸಹಾಯಕ ಬೇಕು. ಬಾಲ್ ಬರುವ ಮುಂಚೆ ಭುಜದ ಮೇಲಿಂದ ಹಿಂದಕ್ಕೆ ನೋಡಿದರೆ ಒಂದು ಗೀಟು, ಬಾಲ್ ಕಳೆದರೆ ಇನ್ನೊಂದು ಕಡೆ ಗೀಟು. ಶುರುವಿನಲ್ಲಿ ಒಂದು ಸುತ್ತಿಗೆ 25ರ ಆಸುಪಾಸು ಬಾಲ್ ಕಳೆಯುತ್ತಿತ್ತು, ಮೂರು ತಿಂಗಳಲ್ಲಿ 10ಕ್ಕೆ ಬಂತು. ಓಸಿಮ್ ಅವರ ‘ನೀರು ಹೊರುವವರು’ ಅನ್ನುವ ಮಾತು ಜಪಾನಿನಲ್ಲಿ ಮನೆಮಾತಾಯಿತು, ಬೇರೆಯವರಿಗಾಗಿ ಓಡುವವರು ಅಂತ ಅರ್ಥ. ಅಂಥವರಿಗೆ ನಮ್ಮ ಪುಸ್ತಕದಲ್ಲಿ ಬೇರೆ ಕಾಲಮ್ಮೇ ಇದೆ: ಬಾಲ್ ಸಿಗದಿದ್ದರೂ ಜಾಗ ಬಿಡಿಸಿದ ಓಟ. ಈ ಕಾಲಮ್ ನೋಡಿ ಇಬ್ಬರು ಬದಲಿ ಆಟಗಾರರು ಮೊದಲ ಹನ್ನೊಂದಕ್ಕೆ ಬಂದರು. ಗೋಲು ಎಣಿಸುತ್ತಾ ಕೂತಿದ್ದರೆ ಅವರು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಈಗ ದುಡ್ಡಿನ ಮಾತು. ಜಾಳಿಗೆ ಬಿಬ್ ಒಂದಕ್ಕೆ ನೂರರಿಂದ ನೂರಿಪ್ಪತ್ತು ರೂಪಾಯಿ. ಹುಡುಗರು ದಿನಾ ಬಣ್ಣ ಬದಲಿಸುವುದರಿಂದ 18 ಸಾಲದು, ಕನಿಷ್ಠ 30 ಬೇಕು. ಉಳಿತಾಯವಾಗಲಿ ಅಂತ ಮೊದಲು ಬನಿಯನ್ ಬಟ್ಟೆ ಕೆ.ಜಿ. ಲೆಕ್ಕದಲ್ಲಿ ತಂದು ಹೊಲಿಸಿದೆವು, ಒಂದಕ್ಕೆ 45 ರೂಪಾಯಿ ಬಿತ್ತು. ಎರಡನೇ ಒಗೆತಕ್ಕೆ ಕೆಂಪು ಬಣ್ಣ ಬಿಟ್ಟು ಬಿಳಿಯೆಲ್ಲ ಗುಲಾಬಿ ಆಯಿತು, ಬೆವರಿಗೆ ಬಟ್ಟೆ ಮೈಗಂಟಿತು. ಸುಮಾರು ಸಾವಿರದ ನಾನೂರು ರೂಪಾಯಿ ನೀರಿಗೆ ಹೋಯಿತು.

ಬಣ್ಣದ ಆಯ್ಕೆಯಲ್ಲೂ ಪೆಟ್ಟು ತಿಂದಿದ್ದೇವೆ. ಸಂಜೆ ಆರರ ಮೇಲೆ ನೀಲಿ, ಹಸಿರು ಎರಡೂ ಒಂದೇ ಕಪ್ಪಾಗಿ ಕಾಣುತ್ತವೆ. ಹಳದಿ ಬೆಳಕಿನ ಕಂಬದ ಕೆಳಗೆ ಹಳದಿಗೂ ಬಿಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕೆಂಪು ಮಣ್ಣಿನ ಮೈದಾನದಲ್ಲಿ ಮರೂನ್ ಬೇಡವೇ ಬೇಡ. ಸಂಜೆಗೆ ಉಳಿದವು ಬಿಳಿ, ಕಿತ್ತಳೆ, ಕಡುನೀಲಿ, ತಿಳಿ ಗುಲಾಬಿ. ಐದನೆಯದಾಗಿ ಬಿಬ್ ಇಲ್ಲದ ಬರಿಯ ಜರ್ಸಿ. ಕೆಂಪು-ಹಸಿರು ಬೇರೆ ಮಾಡಿ ಕಾಣದ ಹುಡುಗ ತಂಡದಲ್ಲಿ ಇರಬಹುದು, ಅದನ್ನು ಮೊದಲ ದಿನವೇ ಕೇಳಿ. ಅಂಥವನು ಸತತವಾಗಿ ತಪ್ಪು ಪಾಸ್ ಕೊಟ್ಟರೆ ದಡ್ಡ ಅನ್ನಿಸಿಕೊಳ್ಳುತ್ತಾನೆ. ಒಂದು ಬಣ್ಣದ ಎದೆ-ಬೆನ್ನಿಗೆ ಅಗಲವಾದ ಕಪ್ಪು ಟೇಪ್ ಅಡ್ಡ ಹಚ್ಚಿದರೆ ಸಮಸ್ಯೆ ತೀರುತ್ತದೆ.

ಗರಸು ನೆಲದ ಬಗ್ಗೆ ಒಂದು ಮಾತು. ಬಾಲ್ ಪುಟಿದರೆ ಹುಡುಗನ ಕಣ್ಣು ಕಾಲ ಬುಡಕ್ಕೇ ಅಂಟಿಕೊಳ್ಳುತ್ತದೆ, ತಲೆ ಎತ್ತಲು ಪುರುಸೊತ್ತೇ ಇರುವುದಿಲ್ಲ. ಆಗ ತಪ್ಪು ನೆಲದ್ದು, ಹುಡುಗನದಲ್ಲ. ಚೌಕಕ್ಕೆ ಮುಂಚಿನ ದಿನ ನೀರು ಹಾಕಿಸಿ, ಕಲ್ಲು ಆರಿಸಿ, 5ನೇ ಸೈಜಿನ ಬಾಲಿಗೆ ಗಾಳಿಯ ಒತ್ತಡ 8.5 ಪಿಎಸ್ಐಗೆ ಇಳಿಸಿ. ನಿಯಮದ ಕೆಳಮಟ್ಟ ಅದೇ. 11-12 ಇದ್ದರೆ ಈ ನೆಲದಲ್ಲಿ ಬಾಲ್ ನಿಲ್ಲುವುದಿಲ್ಲ.

ನಡುವೆ ಒಬ್ಬನನ್ನು ಹೊರಗೆ ಕಳಿಸಿ ಆಡಿಸುವ ಪ್ರಯೋಗವನ್ನೂ ಮಾಡಿದೆವು. 1990ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಓಸಿಮ್ ಅವರ ಯುಗೊಸ್ಲಾವಿಯಾ ಅರ್ಧ ಗಂಟೆ ಕಳೆಯುತ್ತಲೇ ಹತ್ತು ಜನಕ್ಕಿಳಿದು, ಹೆಚ್ಚುವರಿ ಸಮಯವೂ ಸೇರಿ ಅರ್ಜೆಂಟೀನಾವನ್ನು 0-0ಯಲ್ಲಿ ತಡೆದಿತ್ತು, ಸೋತದ್ದು ಪೆನಾಲ್ಟಿಯಲ್ಲಿ. ಆ ಪಂದ್ಯ ನೋಡಿ ಹುಟ್ಟಿದ ಪ್ರಯೋಗ ಇದು. ಸುತ್ತಿನ ಮಧ್ಯೆ ಯಾವ ಬಣ್ಣದಿಂದಾದರೂ ಒಬ್ಬನನ್ನು ಹೇಳದೆ ಹೊರಗೆ ಕರೆಯುವುದು. ಉಳಿದವರು ಎಷ್ಟು ಹೊತ್ತಿಗೆ ಗಮನಿಸಿದರು ಅಂತ ನೋಡಿ. ಶುರುವಿನಲ್ಲಿ ಅರ್ಧ ನಿಮಿಷ ಯಾರಿಗೂ ಗೊತ್ತೇ ಆಗಲಿಲ್ಲ, ಈಗ ಎರಡು ಪಾಸ್‌ನಲ್ಲಿ ಗೊತ್ತಾಗುತ್ತದೆ. ಎರಡು ಬಾಲ್ ಹಾಕಿದ ಪ್ರಯೋಗ ಮಾತ್ರ ಕೆಟ್ಟಿತು, ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ನಿಲ್ಲಿಸಿದೆವು.

ಈ ಮನುಷ್ಯನ ಬಗ್ಗೆ ಹುಡುಗರಿಗೆ ಒಂದು ಸಂಗತಿ ಹೇಳಿಯೇ ಹೇಳುತ್ತೇವೆ. 1992ರ ಮೇ 23ರಂದು, ಸರಾಯೆವೊ ಮೇಲೆ ಶೆಲ್ ಬೀಳುತ್ತಿದ್ದಾಗ, ಯುರೋ ಕಪ್ ಎದುರಿಗಿದ್ದರೂ ಅವರು ಯುಗೊಸ್ಲಾವಿಯಾ ಕೋಚ್ ಹುದ್ದೆ ಬಿಟ್ಟರು. ಹೆಂಡತಿ, ಮಗಳು ಮುತ್ತಿಗೆಯೊಳಗೆ ಸಿಕ್ಕಿಕೊಂಡಿದ್ದರು. ಅವರು ಆಗ ಬೆಲ್‌ಗ್ರೇಡ್‌ನಲ್ಲಿ ಪಾರ್ಟಿಜಾನ್ ತಂಡವನ್ನೂ ನಡೆಸುತ್ತಿದ್ದರು. ಮುಂದೆ ಗ್ರಾತ್ಸ್‌ಗೆ 1998 ಮತ್ತು 1999ರಲ್ಲಿ ಲೀಗ್ ಗೆಲ್ಲಿಸಿಕೊಟ್ಟವರು, ಜೆಫ್ ಯುನೈಟೆಡ್‌ಗೆ 2005ರಲ್ಲಿ ಲೀಗ್ ಕಪ್ ತಂದವರು ಇವರೇ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2006ರ ಅಕ್ಟೋಬರ್ 11ರಂದು ಜಪಾನ್ ಭಾರತವನ್ನು 3-0 ಸೋಲಿಸಿದ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಜಪಾನಿನ ಬೆಂಚಿನಲ್ಲಿ ಕೂತಿದ್ದವರೂ ಇವರೇ. 2022ರ ಮೇ 1ರಂದು ಗ್ರಾತ್ಸ್‌ನಲ್ಲಿ ತೀರಿಕೊಂಡರು.

ಕಳೆದ ಸೀಸನ್ 14 ಪಂದ್ಯದಲ್ಲಿ 9 ಗೆಲುವು, 3 ಡ್ರಾ. 6-0 ಹೊಡೆದಿದ್ದ ತಂಡದ ಎದುರು ಈ ಸಲ 2-1 ನಮ್ಮದು. ಆ ಗೆಲುವಿನ ಗೋಲಿಗೆ ಮುಂಚೆ ಒಂಬತ್ತು ಪಾಸ್ ಆಗಿದ್ದವು, ಒಂದೂ ಕೊಟ್ಟವನಿಗೆ ತಿರುಗಿ ಹೋಗಿರಲಿಲ್ಲ. ಬಿಬ್‌ಗಳನ್ನು ಈಗಲೂ ಬಣ್ಣಬಣ್ಣವಾಗಿ ಬೇರೆ ಬಕೆಟ್‌ನಲ್ಲಿ, ತಣ್ಣೀರಿನಲ್ಲೇ ಒಗೆಸುತ್ತೇವೆ. ಕಿತ್ತಳೆ ಬಣ್ಣಕ್ಕೆ ಬಿಸಿಲು ಆಗುವುದಿಲ್ಲ, ಅದನ್ನು ನೆರಳಿನಲ್ಲಿ ಒಣಗಿಸಿ.